ಎಂಜಿನ್ ಇಲ್ಲದೆ ಹಾರಲು ಕಲಿಯುವವರಿಗೆ: ಪ್ಯಾರಾಗ್ಲೈಡಿಂಗ್‌ನ ಮೊದಲ ವರ್ಷ

ಪಿಯುಸಿಯಲ್ಲೋ ಡಿಗ್ರಿಯ ಮೊದಲ ವರ್ಷದಲ್ಲೋ ಇದ್ದು, ಪ್ಯಾರಾಗ್ಲೈಡಿಂಗ್ ಕಲಿಯಬೇಕು ಅಂತ ಆಸೆ ಇಟ್ಟುಕೊಂಡವರಿಗಾಗಿ ಇದನ್ನು ಬರೆದಿದ್ದೇನೆ. ಮಗ ಅಥವಾ ಮಗಳು ಬಂದು 'ಹೋಗ್ಲಾ?' ಅಂತ ಕೇಳಿದಾಗ ಏನು ಹೇಳಬೇಕೋ ತೋಚದ ಅಪ್ಪ ಅಮ್ಮಂದಿರೂ ಓದಲಿ. ಇದು ಅಪಾಯವಿರುವ ಆಟ. ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಆದರೆ ಇಲ್ಲಿನ ಅಪಾಯದ ದೊಡ್ಡ ಪಾಲು ನಾವು ನೆಲದ ಮೇಲೆ ನಿಂತು ಮಾಡುವ ತೀರ್ಮಾನಗಳಿಂದಲೇ ಬರುತ್ತದೆ. ಯಾರ ಹತ್ತಿರ ಕಲಿಯುತ್ತೇವೆ, ಯಾವ ಗಾಳಿಯಲ್ಲಿ ಹೊರಡುತ್ತೇವೆ, ಯಾವಾಗ ರೆಕ್ಕೆ ಮಡಚಿ ವಾಪಸ್ ಬರುತ್ತೇವೆ ಅನ್ನುವುದೆಲ್ಲ ನಮ್ಮ ಕೈಯಲ್ಲೇ ಇದೆ.

ಯಾವ ಹಾರಾಟ ಅಂತ ಮೊದಲು ತಿಳಿದುಕೊಳ್ಳಿ

ಎಂಜಿನ್ ಇಲ್ಲದೆ ಹಾರುವ ಆಟಗಳಲ್ಲಿ ಮೂರು ಮುಖ್ಯ. ಮೊದಲನೆಯದು ಗ್ಲೈಡರ್ ವಿಮಾನ. ಉದ್ದ ರೆಕ್ಕೆಯ ಈ ವಿಮಾನವನ್ನು ವಿಂಚ್‌ನಿಂದಲೋ (ನೆಲದ ಮೇಲಿಂದ ಹಗ್ಗ ಸುತ್ತಿ ಎಳೆಯುವ ಯಂತ್ರ) ಇನ್ನೊಂದು ವಿಮಾನದಿಂದಲೋ ಎಳೆದು ಮೇಲಕ್ಕೆ ಬಿಡುತ್ತಾರೆ. ಎರಡನೆಯದು ಹ್ಯಾಂಗ್ ಗ್ಲೈಡರ್. ಅಲ್ಯುಮಿನಿಯಂ ಚೌಕಟ್ಟಿಗೆ ಬಟ್ಟೆ ಬಿಗಿದಿರುತ್ತಾರೆ, ಅದರ ಕೆಳಗೆ ಮಲಗಿದ ಹಾಗೆ ತೂಗುತ್ತಾ ಹಾರುತ್ತಾರೆ. ಮೂರನೆಯದು ಪ್ಯಾರಾಗ್ಲೈಡರ್. ಇದರಲ್ಲಿ ಚೌಕಟ್ಟೇ ಇಲ್ಲ. ನೈಲಾನ್ ಬಟ್ಟೆಯ ಕೋಶಗಳಲ್ಲಿ ಗಾಳಿ ತುಂಬಿಕೊಂಡು ರೆಕ್ಕೆಯ ಆಕಾರ ಬರುತ್ತದೆ. ಮಡಚಿದರೆ ಬೆನ್ನಿನ ಚೀಲದಲ್ಲಿ ಹಿಡಿಯುತ್ತದೆ. ಫ್ರಾನ್ಸಿನ ಮಿಯೆಸ್ಸಿ ಅನ್ನುವ ಊರಿನಲ್ಲಿ 1978ರಲ್ಲಿ ಕೆಲವು ಪ್ಯಾರಾಚೂಟ್ ಜಿಗಿತಗಾರರು ವಿಮಾನದ ಖರ್ಚು ಉಳಿಸಲು ಬೆಟ್ಟದ ಇಳಿಜಾರಿನಿಂದಲೇ ಓಡಿ ಹಾರಿದರು. ಈ ಆಟ ಬೆಳೆದದ್ದು ಅಲ್ಲಿಂದ. ಭಾರತದಲ್ಲಿ ಒಬ್ಬ ಹುಡುಗ ಅಥವಾ ಹುಡುಗಿಗೆ ಕೈಗೆಟುಕುವುದು ಹೆಚ್ಚಾಗಿ ಇದೇ. ಹಾಗಾಗಿ ಇಲ್ಲಿ ಪ್ಯಾರಾಗ್ಲೈಡಿಂಗ್ ಬಗ್ಗೆಯೇ ಬರೆಯುತ್ತೇನೆ.

ಹೆಸರು ನೋಡಿ ಮೋಸ ಹೋಗಬೇಡಿ. ಮಲ್ಪೆಯಂಥ ಕಡಲತೀರದಲ್ಲಿ ದೋಣಿಯ ಹಿಂದೆ ಹಗ್ಗ ಕಟ್ಟಿ ಎಳೆಯುವುದು ಪ್ಯಾರಾಸೇಲಿಂಗ್. ಬೆನ್ನಿಗೆ ಫ್ಯಾನ್ ಕಟ್ಟಿಕೊಂಡು ಬಯಲಿನಿಂದ ಮೇಲೇಳುವುದು ಪ್ಯಾರಾಮೋಟರ್. ಎರಡೂ ಚೆನ್ನಾಗಿರುತ್ತವೆ, ಆದರೆ ನೀವು ಕಲಿಯಬೇಕು ಅಂದುಕೊಂಡದ್ದು ಅದಲ್ಲ.

ಗ್ಲೈಡರ್ ವಿಮಾನಕ್ಕೂ ಪ್ಯಾರಾಗ್ಲೈಡರ್‌ಗೂ ಕಲಿಕೆಯಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಗ್ಲೈಡರ್ ವಿಮಾನದಲ್ಲಿ ಕಲಿಸುವವರು ಹಿಂದಿನ ಸೀಟಿನಲ್ಲೇ ಇರುತ್ತಾರೆ, ವಿಮಾನ ನಡೆಸುವ ಸ್ಟಿಕ್ ಅವರ ಕೈಯಲ್ಲೂ ಒಂದು ಇರುತ್ತದೆ. ತಪ್ಪಾದರೆ ತಕ್ಷಣ ಸರಿ ಮಾಡುತ್ತಾರೆ. ಪ್ಯಾರಾಗ್ಲೈಡಿಂಗ್‌ನಲ್ಲಿ ಕಾಲು ನೆಲ ಬಿಟ್ಟ ಮೊದಲ ಸಲವೇ ನೀವು ಒಬ್ಬರೇ. ಕಿವಿಯ ಹತ್ತಿರ ರೇಡಿಯೋದಲ್ಲಿ ಒಂದು ದನಿ ಇರುತ್ತದೆ, ಅಷ್ಟೇ. ಅದಕ್ಕೇ ಕಲಿಯಬೇಕಾದದ್ದರಲ್ಲಿ ಬಹುಪಾಲನ್ನು ನೆಲದ ಮೇಲೇ ಕಲಿತು ಮುಗಿಸಿರಬೇಕು. ಈ ಲೇಖನದಲ್ಲಿ ಹಾರಾಟಕ್ಕಿಂತ ನೆಲದ ಮಾತೇ ಜಾಸ್ತಿ ಇರುವುದಕ್ಕೆ ಕಾರಣ ಅದು.

ವಯಸ್ಸು, ತೂಕ, ಮನೆಯವರ ಒಪ್ಪಿಗೆ

ಅಮೆರಿಕದಲ್ಲಿ 14 ವರ್ಷಕ್ಕೇ ಗ್ಲೈಡರ್ ವಿಮಾನವನ್ನು ಒಬ್ಬರೇ ಹಾರಿಸಲು ಅವಕಾಶ ಇದೆ. ಅಂದರೆ ಚಿಕ್ಕ ವಯಸ್ಸು ಅನ್ನುವುದೇ ಅಡ್ಡಿಯಲ್ಲ. ಪ್ಯಾರಾಗ್ಲೈಡಿಂಗ್ ಶಾಲೆಗಳು ತಮ್ಮದೇ ಕನಿಷ್ಠ ವಯಸ್ಸು ಇಟ್ಟುಕೊಂಡಿರುತ್ತವೆ. 18 ತುಂಬದವರಿಂದ ಅಪ್ಪ ಅಮ್ಮನ ಸಹಿ ಕೇಳುತ್ತವೆ. ಕೇಳದ ಶಾಲೆ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ವಯಸ್ಸಿಗಿಂತ ತೂಕದ ಕಡೆ ಗಮನ ಕೊಡಿ. ಪ್ರತಿ ರೆಕ್ಕೆಗೂ ಇಷ್ಟು ಕೆಜಿಯಿಂದ ಇಷ್ಟು ಕೆಜಿವರೆಗೆ ಅಂತ ಒಂದು ಮಿತಿ ಇರುತ್ತದೆ. ಅದು ನಿಮ್ಮ ತೂಕ, ರೆಕ್ಕೆ, ಹಾರ್ನೆಸ್ (ಬೆಲ್ಟು ಬಿಗಿದು ಕೂರುವ ಸೀಟು), ಹೆಲ್ಮೆಟ್ ಎಲ್ಲ ಸೇರಿದ ಲೆಕ್ಕ. 45 ಕೆಜಿ ಇರುವ ಹುಡುಗಿಯನ್ನು 90 ಕೆಜಿಯವರ ರೆಕ್ಕೆಗೆ ಕಟ್ಟಿದರೆ ರೆಕ್ಕೆ ಬಿಗಿಯಾಗಿ ನಿಲ್ಲುವುದಿಲ್ಲ. ಗಾಳಿ ಜೋರಾದರೆ ಮುಂದೆ ಸಾಗುವುದೂ ಕಷ್ಟ. ಫೋನ್ ಮಾಡಿ ವಿಚಾರಿಸುವಾಗಲೇ 'ನನ್ನ ತೂಕ ಇಷ್ಟು, ನನಗೆ ಆಗುವ ಸೈಜು ನಿಮ್ಮಲ್ಲಿ ಇದೆಯಾ?' ಅಂತ ಕೇಳಿ.

ಮನೆಯವರಿಗೆ ಸುಳ್ಳು ಹೇಳಿ ಹೋಗಬೇಡಿ. ಟ್ರೆಕ್ಕಿಂಗ್ ಅಂತ ಹೇಳಿ ಬೆಟ್ಟ ಹತ್ತಿದವರಿಗೆ ಕಾಲು ಉಳುಕಿದರೂ ಫೋನ್ ಮಾಡಲು ಹೆದರಿಕೆ ಆಗುತ್ತದೆ. ಆ ಹೆದರಿಕೆಯಲ್ಲಿ ಚಿಕಿತ್ಸೆ ತಡವಾಗುತ್ತದೆ. ಇನ್ನೊಂದು ಮಾತು ದೊಡ್ಡವರಿಗೆ: ನಿಮ್ಮ ವಿಮೆಯ ಕಾಗದ ತೆಗೆದು ಓದಿ. ಎಷ್ಟೋ ಪಾಲಿಸಿಗಳು ಸಾಹಸ ಕ್ರೀಡೆಯಲ್ಲಿ ಆದ ಗಾಯಕ್ಕೆ ಹಣ ಕೊಡುವುದಿಲ್ಲ.

ಮೊದಲು ಒಂದು ಟ್ಯಾಂಡಮ್

ಕೋರ್ಸಿಗೆ ಹಣ ಕಟ್ಟುವ ಮುಂಚೆ ಒಬ್ಬ ಅನುಭವಿ ಪೈಲಟ್ ಜೊತೆ ಟ್ಯಾಂಡಮ್ ಹಾರಾಟ, ಅಂದರೆ ಒಂದೇ ರೆಕ್ಕೆಯಲ್ಲಿ ಇಬ್ಬರು ಹಾರುವುದು, ಮಾಡಿ. ಹೊಟ್ಟೆ ತೊಳಸುತ್ತದಾ, ಎತ್ತರ ಕಂಡರೆ ಕೈಕಾಲು ಮರಗಟ್ಟುತ್ತದಾ ಅಂತ ಗೊತ್ತಾಗುತ್ತದೆ. ಹೆದರಿಕೆ ಆಗುವುದು ಸಹಜ. ಹೆದರಿಕೆಯಲ್ಲೂ ಹೇಳಿದ ಮಾತು ಕೇಳಿಸಿಕೊಳ್ಳಲು ಆಗುತ್ತದಾ ಅನ್ನುವುದೇ ಪ್ರಶ್ನೆ.

ಹಿಮಾಚಲದ ಬೀರ್ ಬಿಲ್ಲಿಂಗ್ ಇದಕ್ಕೆ ಹೆಸರುವಾಸಿ. 2015ರಲ್ಲಿ ಅಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದಿತ್ತು. ಸುಮಾರು 2400 ಮೀಟರ್ ಎತ್ತರದ ಬಿಲ್ಲಿಂಗ್‌ನಿಂದ ಹೊರಟು ಸುಮಾರು 1000 ಮೀಟರ್ ಕೆಳಗಿರುವ ಬೀರ್‌ನಲ್ಲಿ ಇಳಿಯುತ್ತಾರೆ. ಹಿಮಾಚಲದಲ್ಲಿ ಟ್ಯಾಂಡಮ್ ಪೈಲಟ್‌ಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಆ ಕಾರ್ಡು ತೋರಿಸಿ ಅಂತ ಕೇಳಲು ಸಂಕೋಚ ಬೇಡ. ನಿಮ್ಮ ತೊಡೆಯ ಎರಡು ಬೆಲ್ಟು, ಎದೆಯ ಬೆಲ್ಟು ಬಿಗಿದಿರುವುದನ್ನು ನೀವೇ ಕೈಯಿಂದ ಎಳೆದು ನೋಡಿ. ಪ್ರಯಾಣಿಕರ ಬೆಲ್ಟು ಹಾಕುವುದು ಮರೆತು ಜೀವ ಹೋದ ಘಟನೆಗಳು ಈ ಆಟದಲ್ಲಿ ನಿಜವಾಗಿ ನಡೆದಿವೆ.

ಶಾಲೆ ಹುಡುಕುವುದು

ಕರ್ನಾಟಕದಿಂದ ಹೋಗುವವರಿಗೆ ಮಹಾರಾಷ್ಟ್ರದ ಕಾಮ್ಶೇತ್ ಅನುಕೂಲದ ಜಾಗ. ಪುಣೆಗೂ ಲೋಣಾವಳಕ್ಕೂ ನಡುವೆ ಇದೆ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಪುಣೆಗೆ ಹೋಗಿ, ಅಲ್ಲಿಂದ ಲೋಣಾವಳದ ಲೋಕಲ್ ರೈಲು ಹತ್ತಿದರೆ ಕಾಮ್ಶೇತ್‌ನಲ್ಲೇ ಇಳಿಯಬಹುದು. ಬೆಳಗಾವಿ, ಹುಬ್ಬಳ್ಳಿಯವರಿಗಂತೂ ಇನ್ನೂ ಹತ್ತಿರ. ಅಲ್ಲಿನ ಗುಡ್ಡಗಳು ಎತ್ತರ ಕಡಿಮೆ, ಮರಗಳು ಕಡಿಮೆ, ಇಳಿಯಲು ಬಯಲು ಇದೆ. ಹೊಸಬರಿಗೆ ನನ್ನ ಸಲಹೆ ಇದು: ಬೀರ್‌ನ ಫೋಟೋಗಳು ಎಷ್ಟೇ ಚೆಂದ ಇರಲಿ, ಮೊದಲ ಕಲಿಕೆ ಸಣ್ಣ ಗುಡ್ಡದಲ್ಲಿ ಆಗಲಿ. ಎತ್ತರದ ಜಾಗದಲ್ಲಿ ಗಾಳಿ ತೆಳು. ಬಿಲ್ಲಿಂಗ್‌ನಷ್ಟು ಎತ್ತರದಲ್ಲಿ ಅದೇ ರೆಕ್ಕೆ ನಿಮ್ಮನ್ನು ಎತ್ತಬೇಕಾದರೆ ಹತ್ತರಲ್ಲಿ ಒಂದು ಪಾಲಿನಷ್ಟು ಜಾಸ್ತಿ ವೇಗ ಬೇಕು. ಅಂದರೆ ಓಟವೂ ಜೋರಾಗಿರಬೇಕು. ಓಡಲು ಇನ್ನೂ ಕಲಿಯುತ್ತಿರುವವರಿಗೆ ಅದು ಹೊರೆ.

ಶಾಲೆಯವರನ್ನು ಕೇಳಬೇಕಾದ ಪ್ರಶ್ನೆಗಳು ಬೆಲೆಯಿಂದ ಶುರುವಾಗಬಾರದು. ಗಾಳಿ ಸರಿ ಇಲ್ಲದ ದಿನ ಏನು ಮಾಡುತ್ತೀರಿ ಅಂತ ಮೊದಲು ಕೇಳಿ. 'ಹಾಗೇನಿಲ್ಲ, ದಿನಾ ಹಾರಿಸುತ್ತೇವೆ' ಅಂದರೆ ಅದು ಕೆಟ್ಟ ಉತ್ತರ. 'ಆ ದಿನ ಥಿಯರಿ ಕ್ಲಾಸು, ಬೇಕಾದರೆ ಇನ್ನೊಂದು ಸಲ ಬಂದು ಮುಗಿಸಿ' ಅನ್ನುವವರು ಸಿಕ್ಕರೆ ಒಳ್ಳೆಯದು. ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ವಿದ್ಯಾರ್ಥಿಗಳು? ಮೇಲೆ ಒಬ್ಬರು, ಇಳಿಯುವಲ್ಲಿ ಒಬ್ಬರು ರೇಡಿಯೋ ಹಿಡಿದು ನಿಲ್ಲುತ್ತಾರಾ? ತುರ್ತಿಗೆಂದು ಇಟ್ಟುಕೊಳ್ಳುವ ರಿಸರ್ವ್ ಪ್ಯಾರಾಚೂಟನ್ನು ಕೊನೆಯ ಸಲ ಬಿಚ್ಚಿ ಮಡಚಿದ್ದು ಯಾವಾಗ? ಇಷ್ಟು ಕೇಳಿದರೆ ಸಾಕು, ಉತ್ತರ ಕೊಡುವ ರೀತಿಯಲ್ಲೇ ಅವರು ಎಂಥವರು ಅಂತ ತಿಳಿಯುತ್ತದೆ. ಇಲ್ಲಿನ ಶಾಲೆಗಳು ಸಾಮಾನ್ಯವಾಗಿ ಪಿ1, ಪಿ2, ಪಿ3 ಅಂತ ಹಂತ ಮಾಡಿ ಕಲಿಸುತ್ತವೆ. ಕೇಂದ್ರ ಸರ್ಕಾರ 2022ರಲ್ಲಿ ರಾಷ್ಟ್ರೀಯ ವಾಯು ಕ್ರೀಡಾ ನೀತಿ ಹೊರತಂದಿತು, ಪ್ಯಾರಾಗ್ಲೈಡಿಂಗ್ ಅದರ ವ್ಯಾಪ್ತಿಯಲ್ಲಿದೆ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಕಲಿಸುವುದು ಇಂಗ್ಲಿಷ್, ಹಿಂದಿಯಲ್ಲಿ. ಭಾಷೆ ಬರುವುದಿಲ್ಲ ಅಂತ ಹಿಂಜರಿಯಬೇಡಿ, ಆದರೆ ರೇಡಿಯೋದಲ್ಲಿ ಬರುವ ಆಜ್ಞೆಗಳನ್ನು ಮುಂಚೆಯೇ ಬರೆದು ತರಿಸಿಕೊಂಡು ಬಾಯಿಪಾಠ ಮಾಡಿ. 'ಲೆಫ್ಟ್ ಬ್ರೇಕ್', 'ಹ್ಯಾಂಡ್ಸ್ ಅಪ್', 'ಫ್ಲೇರ್', 'ಸ್ಟಾಪ್' ಇಂಥವು ಹತ್ತು ಹದಿನೈದು ಇರಬಹುದು. ಗುಡ್ಡದ ಕೆಳಗೆ ನಿಂತು, ಗೆಳೆಯರೊಬ್ಬರು ಕೂಗಿದ ಹಾಗೆ ನೀವು ಕೈ ಆಡಿಸಿ ಅಭ್ಯಾಸ ಮಾಡಿ. ಆಕಾಶದಲ್ಲಿ ಮನಸ್ಸಿನೊಳಗೆ ಅನುವಾದ ಮಾಡುತ್ತಾ ಕೂರಲು ಸಮಯ ಇರುವುದಿಲ್ಲ. ಅರ್ಥವಾಗದಿದ್ದರೆ ಎಲ್ಲರೆದುರೇ ಇನ್ನೊಮ್ಮೆ ಕೇಳಿ.

ಬಯಲಿನಲ್ಲಿ ರೆಕ್ಕೆ ಎತ್ತುವುದು

ಇದನ್ನು ಗ್ರೌಂಡ್ ಹ್ಯಾಂಡ್ಲಿಂಗ್ ಅನ್ನುತ್ತಾರೆ. ಹುಡುಗರಿಗೆ ಬೇಗ ಬೇಸರ ಬರುವುದೂ ಇಲ್ಲೇ, ಮುಂದೆ ಅವರನ್ನು ಕಾಪಾಡುವುದೂ ಇದೇ. ರೆಕ್ಕೆಯನ್ನು ನೆಲದ ಮೇಲೆ ಹರಡಿ, ಲೈನುಗಳನ್ನು (ರೆಕ್ಕೆಯಿಂದ ಇಳಿಯುವ ದಾರಗಳು) ಬಿಡಿಸಿ, ಮುಂದಿನ ರೈಸರ್ (ಲೈನುಗಳನ್ನು ಹಾರ್ನೆಸ್‌ಗೆ ಸೇರಿಸುವ ಪಟ್ಟಿ) ಹಿಡಿದು ಓಡಿದರೆ ರೆಕ್ಕೆ ತಲೆಯ ಮೇಲೆ ಬರುತ್ತದೆ. ಅಲ್ಲಿ ಅದನ್ನು ನಿಲ್ಲಿಸಿಕೊಳ್ಳುವುದೇ ವಿದ್ಯೆ. ಮುಂದೆ ಧಾವಿಸಿದರೆ ಬ್ರೇಕ್, ಅಂದರೆ ರೆಕ್ಕೆಯ ಹಿಂದಿನ ಅಂಚನ್ನು ಕೆಳಗೆ ಎಳೆಯುವ ಎರಡು ಹಿಡಿಕೆ, ಎಳೆಯಬೇಕು. ಹಿಂದೆ ಉಳಿದರೆ ಬ್ರೇಕ್ ಬಿಟ್ಟು ಓಡಬೇಕು. ಪಕ್ಕಕ್ಕೆ ವಾಲಿದರೆ ನಿಮ್ಮ ಕಾಲೂ ಆ ಕಡೆ ಹೋಗಿ ರೆಕ್ಕೆಯ ಅಡಿಗೆ ಸೇರಬೇಕು.

ಗಾಳಿಪಟ ಹಾರಿಸಿದ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ದಾರದ ಎಳೆತದಿಂದ ಮೇಲಿನ ಗಾಳಿಯನ್ನು ಓದುವುದು ಅವರಿಗೆ ಗೊತ್ತಿರುತ್ತದೆ, ಅಲ್ವಾ? ಆದರೆ ದೊಡ್ಡಬಳ್ಳಾಪುರದ ಆಷಾಢದ ಗಾಳಿ ಗಾಳಿಪಟಕ್ಕೆ ಎಷ್ಟು ಚೆಂದವೋ, 25 ಚದರ ಮೀಟರ್ ಬಟ್ಟೆಗೆ ಅಷ್ಟೇ ಕೆಟ್ಟದ್ದು. ಗಾಳಿಯ ವೇಗ ಎರಡು ಪಟ್ಟಾದರೆ ಎಳೆಯುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 10 ಕಿಮೀ ಗಾಳಿಯಲ್ಲಿ ಆಟವಾಡಿದ ರೆಕ್ಕೆ 20 ಕಿಮೀ ಗಾಳಿಯಲ್ಲಿ ನಿಮ್ಮನ್ನು ಕಲ್ಲು ಮುಳ್ಳಿನ ಮೇಲೆ ಎಳೆದುಕೊಂಡು ಹೋಗಬಲ್ಲದು. ಹಾಗೆ ಎಳೆದರೆ ಎದುರು ನಿಂತು ಜಗ್ಗಬೇಡಿ. ಹಿಂದಿನ ರೈಸರ್‌ಗಳನ್ನು ಬಲವಾಗಿ ಎಳೆದು, ರೆಕ್ಕೆಯ ಕಡೆಗೇ ಓಡಿ. ಲೈನು ಸಡಿಲವಾದರೆ ಬಲ ಹೋಗುತ್ತದೆ. ಇದನ್ನು ಮೊದಲ ದಿನವೇ ಹೇಳಿಕೊಡಬೇಕು. ಹೇಳಿಕೊಡದಿದ್ದರೆ ನೀವಾಗಿ ಕೇಳಿ. ಬಯಲಲ್ಲೂ ಹೆಲ್ಮೆಟ್, ಗ್ಲೌಸ್, ಕಣಕಾಲು ಮುಚ್ಚುವ ಶೂ ಬೇಕು.

ರೆಕ್ಕೆ ನೋಡದೆಯೇ ಅದು ಎಲ್ಲಿದೆ ಅಂತ ಕೈಗೆ ಗೊತ್ತಾಗುವವರೆಗೆ ಗುಡ್ಡದ ಕಡೆ ಹೋಗಲು ಅವಸರ ಬೇಡ. ಜೊತೆಯವರು ಮುಂದೆ ಹೋದರೂ ಚಿಂತೆಯಿಲ್ಲ. ನಿಮ್ಮ ವಯಸ್ಸಿನವರ ಹತ್ತಿರ ಬೇಕಾದಷ್ಟು ಸಮಯ ಇದೆ, ಅದನ್ನು ಬಳಸಿಕೊಳ್ಳಿ.

ಸಣ್ಣ ಗುಡ್ಡ, ಮೊದಲ ಹಾರಾಟಗಳು

ಜರ್ಮನಿಯ ಓಟೋ ಲಿಲಿಯೆಂತಾಲ್ 1891ರಿಂದ 1896ರವರೆಗೆ ಗ್ಲೈಡರ್‌ನಲ್ಲಿ ಸುಮಾರು 2000 ಸಲ ಹಾರಿದರು. ಅಭ್ಯಾಸಕ್ಕೆಂದೇ ಬರ್ಲಿನ್ ಹತ್ತಿರ 15 ಮೀಟರ್ ಎತ್ತರದ ದಿಬ್ಬ ಕಟ್ಟಿಸಿಕೊಂಡಿದ್ದರು. ಎಲ್ಲ ದಿಕ್ಕಿಗೂ ಇಳಿಜಾರು ಇದ್ದದ್ದರಿಂದ ಗಾಳಿ ಎತ್ತ ಬೀಸಿದರೂ ಅದಕ್ಕೆ ಎದುರಾಗಿಯೇ ಓಡಬಹುದಿತ್ತು. ಇವತ್ತಿನ ಕಲಿಕೆಯ ಗುಡ್ಡಕ್ಕೂ ಬೇಕಾದದ್ದು ಅದೇ: ಕಡಿಮೆ ಎತ್ತರ, ಎದುರು ಗಾಳಿ, ಕೆಳಗೆ ತೆರೆದ ಬಯಲು. 1896ರ ಆಗಸ್ಟಿನಲ್ಲಿ ಲಿಲಿಯೆಂತಾಲ್ ತೀರಿಕೊಂಡದ್ದು ಬೇರೊಂದು ಗುಡ್ಡದಲ್ಲಿ. ಗ್ಲೈಡರ್ ಗಾಳಿಯಲ್ಲಿ ವೇಗ ಕಳೆದುಕೊಂಡು ಬಿತ್ತು. ಹೀಗೆ ವೇಗ ಕಳೆದುಕೊಂಡ ರೆಕ್ಕೆ ಎತ್ತಿ ಹಿಡಿಯಲಾರದೆ ಬೀಳುವುದಕ್ಕೆ ಸ್ಟಾಲ್ ಅನ್ನುತ್ತಾರೆ. ಈ ವಿದ್ಯೆಯಲ್ಲಿ ಎಷ್ಟು ಅನುಭವ ಇದ್ದರೂ ಅದು ಯಾರನ್ನೂ ಬಿಡುವುದಿಲ್ಲ.

ಟೇಕಾಫ್‌ನಲ್ಲಿ ಮೂರು ಕೆಲಸ: ರೆಕ್ಕೆ ಎತ್ತುವುದು, ನೋಡುವುದು, ಓಡುವುದು. ನಡುವಿನದನ್ನೇ ಹೊಸಬರು ಬಿಟ್ಟುಬಿಡುತ್ತಾರೆ. ರೆಕ್ಕೆ ಪೂರ್ತಿ ತುಂಬಿದೆಯಾ, ಗಂಟು ಇದೆಯಾ ಅಂತ ನೋಡಿ, ಸಂಶಯ ಬಂದರೆ ಅಲ್ಲೇ ನಿಲ್ಲಿಸಿ. ನಿಲ್ಲಿಸಿದ್ದಕ್ಕೆ ಯಾರೂ ನಗುವುದಿಲ್ಲ. ನಗುವವರಿದ್ದರೆ ಅವರ ಜೊತೆ ಹಾರಬೇಡಿ. ಓಡುವಾಗ ಕಾಲು ನೆಲ ಬಿಟ್ಟ ಮೇಲೂ ಓಡುತ್ತಲೇ ಇರಿ. ಸೀಟಿಗೆ ಹಾರಿ ಕೂರುವ ಆಸೆ ಎಲ್ಲರಿಗೂ ಬರುತ್ತದೆ. ರೆಕ್ಕೆ ಇನ್ನೂ ಪೂರ್ತಿ ಎತ್ತಿರದಿದ್ದರೆ ನೇರ ಬೆನ್ನುಮೂಳೆ ನೆಲಕ್ಕೆ ಬಡಿಯುತ್ತದೆ.

ಮೇಲೆ ಹೋದ ಮೇಲೆ ಕೆಲಸ ಕಡಿಮೆ. ಎಡ ಬ್ರೇಕ್ ಎಳೆದರೆ ಎಡಕ್ಕೆ, ಬಲ ಎಳೆದರೆ ಬಲಕ್ಕೆ, ಜೊತೆಗೆ ದೇಹದ ಭಾರವನ್ನೂ ಆ ಕಡೆ ವಾಲಿಸಬೇಕು. ಎರಡನ್ನೂ ತುಂಬಾ ಕೆಳಗೆ ಎಳೆದು ಹಿಡಿದರೆ ರೆಕ್ಕೆ ವೇಗ ಕಳೆದುಕೊಂಡು ಸ್ಟಾಲ್ ಆಗುತ್ತದೆ. ಹೆದರಿದಾಗ ಕೈ ತಾನಾಗಿ ಕೆಳಗೆ ಹೋಗುವುದು ಮನುಷ್ಯ ಸ್ವಭಾವ, ಅದನ್ನೇ ಬಿಡಿಸಿಕೊಳ್ಳಬೇಕು. ಕಲಿಯುವವರ ರೆಕ್ಕೆ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ, ಗಂಟೆಗೆ 36 ಕಿಮೀ ಆಸುಪಾಸು ಮುಂದೆ ಹೋಗುತ್ತದೆ. ಈ ಎರಡು ಅಂಕಿ ನೆನಪಿದ್ದರೆ ಎಷ್ಟೋ ವಿಷಯ ನಿಮಗೇ ಲೆಕ್ಕ ಸಿಗುತ್ತದೆ. ಎದುರು ಗಾಳಿ 36 ಆದರೆ ನೀವು ಆಕಾಶದಲ್ಲಿ ನಿಂತಲ್ಲೇ ನಿಂತಿರುತ್ತೀರಿ. ಅದಕ್ಕಿಂತ ಜಾಸ್ತಿ ಆದರೆ ಹಿಂದೆ ಹೋಗುತ್ತೀರಿ, ಗುಡ್ಡದ ಆ ಬದಿಗೆ.

ಇಳಿಯುವಾಗಲೂ ಇದೇ ಲೆಕ್ಕ. 15 ಕಿಮೀ ಗಾಳಿಗೆ ಎದುರಾಗಿ ಇಳಿದರೆ ನೆಲ ಮುಟ್ಟುವಾಗ ವೇಗ 21. ಅದೇ ಗಾಳಿ ಬೆನ್ನಿಗಿದ್ದರೆ 51. ಮೊದಲನೆಯದರಲ್ಲಿ ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತೀರಿ, ಎರಡನೆಯದರಲ್ಲಿ ಮೂಳೆ ಮುರಿಯುತ್ತದೆ. ಹಾಗಾಗಿ ಇಳಿಯುವ ಜಾಗದ ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ) ಯಾವ ಕಡೆ ಬಾಗಿದೆ ಅಂತ ಎತ್ತರದಲ್ಲಿರುವಾಗಲೇ ನೋಡಿಟ್ಟುಕೊಳ್ಳಿ. ಬಯಲಿನ ಅಂಚಿನಲ್ಲಿ ತಿರುಗುತ್ತಾ ಎತ್ತರ ಕಳೆದುಕೊಂಡು, ಕೊನೆಗೆ ನೇರವಾಗಿ ಗಾಳಿಗೆ ಎದುರು ಬನ್ನಿ. ಸೀಟಿನಿಂದ ಎದ್ದು ಕಾಲು ಕೆಳಗೆ ಬಿಟ್ಟು, ಆಳೆತ್ತರ ಉಳಿದಾಗ ಎರಡೂ ಬ್ರೇಕ್ ಪೂರ್ತಿ ಎಳೆಯಿರಿ, ಇದೇ ಫ್ಲೇರ್. ಬೇಗ ಎಳೆದುಬಿಟ್ಟೆ ಅನಿಸಿದರೆ ಕೈ ಪಟ್ಟನೆ ಮೇಲೆ ಬಿಡಬೇಡಿ, ರೆಕ್ಕೆ ಮುಂದಕ್ಕೆ ಧುಮುಕುತ್ತದೆ. ಇದ್ದಲ್ಲೇ ಹಿಡಿದು, ಕಾಲು ಜೋಡಿಸಿ, ಉರುಳಲು ತಯಾರಾಗಿ.

ನೆಲ ಹತ್ತಿರವಾದ ಮೇಲೆ ತಿರುಗಲೇಬೇಡಿ. ಗಾಳಿಗೆ ಸ್ವಲ್ಪ ಅಡ್ಡವಾಗಿ ಇಳಿದರೂ ಪರವಾಗಿಲ್ಲ, ತಿರುವಿನ ನಡುವೆ ನೆಲ ಮುಟ್ಟಿದರೆ ವೇಗ ತುಂಬಾ ಜಾಸ್ತಿ ಇರುತ್ತದೆ. ಇನ್ನೊಂದು: ಮರವನ್ನೇ ದಿಟ್ಟಿಸುತ್ತಾ ಇದ್ದರೆ ಮರದ ಕಡೆಗೇ ಹೋಗುತ್ತೀರಿ. ಎಲ್ಲಿ ಇಳಿಯಬೇಕೋ ಆ ಖಾಲಿ ಜಾಗ ನೋಡಿ. ಕರೆಂಟ್ ತಂತಿ ಇರುವ ಕಡೆ ಮಾತ್ರ ಹತ್ತಿರವೂ ಸುಳಿಯಬೇಡಿ. ತಂತಿಗಿಂತ ಮರವೇ ಮೇಲು.

ಗಾಳಿ ಓದುವುದು

ಗುಡ್ಡಕ್ಕೆ ಹೋದ ತಕ್ಷಣ ರೆಕ್ಕೆ ಬಿಚ್ಚಬೇಡಿ. ಒಂದು ಕಾಲು ಗಂಟೆ ಸುಮ್ನೆ ಕೂತು ವಿಂಡ್‌ಸಾಕ್ ನೋಡಿ. ಸರಾಸರಿ ವೇಗಕ್ಕಿಂತ ಏರಿಳಿತ ಮುಖ್ಯ. 15 ಕಿಮೀ ಒಂದೇ ಸಮ ಬೀಸುವ ಗಾಳಿ ಒಳ್ಳೆಯದು. 8ಕ್ಕೆ ಇಳಿದು 20ಕ್ಕೆ ಜಿಗಿಯುವ ಗಾಳಿಯ ಸರಾಸರಿಯೂ ಹೆಚ್ಚು ಕಡಿಮೆ ಅಷ್ಟೇ, ಆದರೆ ಅದು ಹೊಸಬರ ಗಾಳಿಯಲ್ಲ. ಕೆಳಗಿನ ಹುಲ್ಲು, ದೂರದ ಹೊಗೆ, ಕೆರೆಯ ನೀರಿನ ಅಲೆ, ಹದ್ದು ಸುತ್ತುವ ರೀತಿ ಎಲ್ಲವನ್ನೂ ನೋಡಿ. ವಿಂಡಿಯಂಥ ಹವಾಮಾನದ ಆ್ಯಪ್ ಹಿಂದಿನ ರಾತ್ರಿ ನೋಡಲು ಒಳ್ಳೆಯದು, ಗುಡ್ಡದ ಮೇಲೆ ಕಣ್ಣೇ ಬೇಕು.

ಬಿಸಿಲು ಏರಿದ ಹಾಗೆ ನೆಲ ಕಾದು ಬಿಸಿ ಗಾಳಿ ಗುಳ್ಳೆಗಳಾಗಿ ಮೇಲೇಳುತ್ತದೆ. ಇದೇ ಥರ್ಮಲ್. ಅನುಭವಿಗಳು ಇದನ್ನು ಹಿಡಿದು ಗಂಟೆಗಟ್ಟಲೆ ಹಾರುತ್ತಾರೆ. ಆದರೆ ಅದರ ಅಂಚಿನಲ್ಲಿ ಗಾಳಿ ಮೇಲೆ ಕೆಳಗೆ ಆಡುತ್ತದೆ, ರೆಕ್ಕೆಯ ಒಂದು ಬದಿ ಮಡಚಿಕೊಳ್ಳಬಹುದು. ಹೊಸಬರಿಗೆ ಬೆಳಗಿನ ಹೊತ್ತು ಮತ್ತು ಸಂಜೆ ನಾಲ್ಕರ ನಂತರ ಮಾತ್ರ. ನಡು ಮಧ್ಯಾಹ್ನ ದೊಡ್ಡವರು ಹಾರುತ್ತಿದ್ದಾರೆ ಅನ್ನುವುದು ನಿಮಗೆ ಕಾರಣವಾಗಬಾರದು.

ಗಾಳಿ ಗುಡ್ಡಕ್ಕೆ ಬಡಿದು ಮೇಲೇರಿ, ಹಿಂಬದಿಯಲ್ಲಿ ಸುರುಳಿಯಾಗಿ ಕೆಳಗೆ ಉರುಳುತ್ತದೆ. ಅದಕ್ಕೆ ರೋಟರ್ ಅನ್ನುತ್ತಾರೆ. ಅಲ್ಲಿ ಯಾವ ರೆಕ್ಕೆಯೂ ನೆಟ್ಟಗೆ ಹಾರುವುದಿಲ್ಲ. ಇಲ್ಲಿ ಒಂದು ಬಲೆ ಇದೆ, ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ಕೆಲವೊಮ್ಮೆ ನಿಜವಾದ ಗಾಳಿ ಗುಡ್ಡದ ಹಿಂದಿನಿಂದ ಬರುತ್ತಿರುತ್ತದೆ. ಆದರೆ ನೀವು ನಿಂತ ಇಳಿಜಾರಿಗೆ ಬಿಸಿಲು ಬಿದ್ದು, ಬಿಸಿ ಗಾಳಿ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ವಿಂಡ್‌ಸಾಕ್ ನೋಡಿದರೆ ಎದುರು ಗಾಳಿ, ಎಲ್ಲ ಸರಿ ಅನಿಸುತ್ತದೆ. ಹೊರಟ ಸ್ವಲ್ಪ ಹೊತ್ತಿಗೇ ರೋಟರ್‌ನೊಳಗೆ ಸಿಕ್ಕಿಕೊಳ್ಳುತ್ತೀರಿ. ಅದಕ್ಕೇ ಮೋಡಗಳು ಯಾವ ಕಡೆ ಸಾಗುತ್ತಿವೆ ಅಂತ ತಲೆ ಎತ್ತಿ ನೋಡಬೇಕು. ಮೋಡ ನಿಮ್ಮ ಬೆನ್ನ ಹಿಂದಿನಿಂದ ತಲೆಯ ಮೇಲೆ ಹಾದು ಮುಂದೆ ಹೋಗುತ್ತಿದ್ದರೆ ಹಾರಬೇಡಿ.

ಇನ್ನು ಗುಡುಗು ಮಳೆಯ ಮೋಡ. ಏಪ್ರಿಲ್, ಮೇ ಸಂಜೆಗಳಲ್ಲಿ ನಮ್ಮ ಕಡೆ ಹೂಕೋಸಿನ ಹಾಗೆ ಉಬ್ಬುತ್ತಾ ಏರುವ ಮೋಡ ನೋಡಿಯೇ ಇರುತ್ತೀರಿ. 2007ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮ್ಯಾನಿಲ್ಲಾ ಬಳಿ ಎವಾ ವಿಶ್ನಿಯೆರ್ಸ್ಕಾ ಎಂಬ ಪಳಗಿದ ಪೈಲಟ್‌ರನ್ನು ಇಂಥ ಮೋಡ ಒಳಗೆ ಹೀರಿಕೊಂಡು 9946 ಮೀಟರ್ ಎತ್ತರಕ್ಕೆ ಒಯ್ದಿತು. ಎವರೆಸ್ಟ್‌ಗಿಂತ ಎತ್ತರ. ಅವರು ಪ್ರಜ್ಞೆ ತಪ್ಪಿ, ಮೈಯೆಲ್ಲ ಮಂಜು ಕಟ್ಟಿ, ಹೇಗೋ ಬದುಕಿ ಬಂದರು. ಅದೇ ದಿನ ಅದೇ ಮೋಡಕ್ಕೆ ಸಿಕ್ಕ ಚೀನಾದ ಪೈಲಟ್ ಬದುಕಲಿಲ್ಲ. ಇಬ್ಬರೂ ವಿಶ್ವಮಟ್ಟದ ಸ್ಪರ್ಧೆಗೆ ತಯಾರಾಗುತ್ತಿದ್ದವರು. ದೂರದಲ್ಲಿ ಗುಡುಗು ಕೇಳಿದರೂ ಸಾಕು, ಆ ದಿನದ ಹಾರಾಟ ಮುಗಿಯಿತು ಅಂತ ತಿಳಿಯಿರಿ.

ಹೊರಡುವ ಮುಂಚಿನ ಐದು ನಿಮಿಷ

ಹೆಲ್ಮೆಟ್ ಮೊದಲು ಹಾಕಬೇಕು, ಕೊನೆಗೆ ತೆಗೆಯಬೇಕು. ಆಮೇಲೆ ತೊಡೆಯ ಎರಡು ಬೆಲ್ಟು, ಎದೆಯ ಬೆಲ್ಟು, ಹಾರ್ನೆಸ್ಸನ್ನು ರೆಕ್ಕೆಗೆ ಜೋಡಿಸುವ ಎರಡು ಕ್ಯಾರಬೈನರ್ ಕೊಂಡಿಯ ಲಾಕು, ರಿಸರ್ವ್‌ನ ಪಿನ್ನು, ರೇಡಿಯೋ, ಲೈನು, ಗಾಳಿ, ಖಾಲಿ ಆಕಾಶ. ಪ್ರತಿ ಸಲ ಇದೇ ಕ್ರಮ, ಬಾಯಿಬಿಟ್ಟು ಹೇಳುತ್ತಾ ಕೈಯಿಂದ ಮುಟ್ಟುತ್ತಾ ನೋಡಿ. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಿ. ತೊಡೆಯ ಬೆಲ್ಟು ಮರೆಯುವುದು ಹೊಸಬರಿಗಿಂತ ಅನುಭವಿಗಳಿಗೇ ಆಗುವುದುಂಟು: ಹಾರ್ನೆಸ್ ಕಟ್ಟಿಕೊಂಡು, ಗಾಳಿಗೆ ಕಾದು, ನೀರು ಕುಡಿಯಲು ಬಿಚ್ಚಿ, ಮತ್ತೆ ಅವಸರದಲ್ಲಿ ಹೊರಟಾಗ.

ಒಬ್ಬರೇ ಹೋಗಬೇಡಿ. ಜೊತೆಯಲ್ಲಿರುವವರಿಗೆ 112 ಸಂಖ್ಯೆಯೂ ಹತ್ತಿರದ ಆಸ್ಪತ್ರೆಯೂ ಗೊತ್ತಿರಲಿ. ಬಿದ್ದವರಿಗೆ ಬೆನ್ನು ನೋವಿದ್ದರೆ ಎಬ್ಬಿಸಿ ಕೂರಿಸಬಾರದು, ಹೆಲ್ಮೆಟ್ ಎಳೆಯಬಾರದು. ಮರದಲ್ಲಿ ಸಿಕ್ಕಿಕೊಂಡರೆ ಇಳಿಯುವ ಸಾಹಸ ಬೇಡ. ಕೊಂಬೆಗೆ ಕಟ್ಟಿಕೊಂಡು ಸಹಾಯ ಬರುವವರೆಗೆ ಕಾಯಿರಿ.

ಸಾಮಾನು

ಮೊದಲ ವರ್ಷ ಕೊಳ್ಳಬೇಡಿ. ಹೊಸ ಸೆಟ್ಟಿಗೆ ಲಕ್ಷಗಟ್ಟಲೆ ಆಗುತ್ತದೆ. ಶಾಲೆಯದ್ದನ್ನೇ ಬಳಸಿ. ಕೊಳ್ಳುವ ಕಾಲ ಬಂದಾಗ ಯುರೋಪಿನ ಪರೀಕ್ಷೆಯಲ್ಲಿ ಇಎನ್-ಎ ದರ್ಜೆ ಪಡೆದ ರೆಕ್ಕೆ ತೆಗೆದುಕೊಳ್ಳಿ. ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ ಇವೆ. ಎ ಅಂದರೆ ಮಡಚಿಕೊಂಡರೂ ತಾನಾಗಿ ಬೇಗ ಬಿಡಿಸಿಕೊಳ್ಳುವಂಥದ್ದು. ಸೆಕೆಂಡ್ ಹ್ಯಾಂಡ್ ಆದರೆ ಬಟ್ಟೆಯಲ್ಲಿ ಗಾಳಿ ಸೋರುತ್ತದಾ, ಲೈನು ಗಟ್ಟಿ ಇದೆಯಾ ಅಂತ ತಪಾಸಣೆ ಮಾಡಿಸಿದ ಕಾಗದ ಕೇಳಿ. ಬಿಸಿಲಿಗೆ ನೈಲಾನ್ ಸೊರಗುತ್ತದೆ, ಬಣ್ಣ ಹೊಳೆಯುತ್ತಿದೆ ಅಂತ ನಂಬಬೇಡಿ. ಅಂತರ್ಜಾಲದಲ್ಲಿ ಕಡಿಮೆ ಬೆಲೆಗೆ ರೆಕ್ಕೆ ತರಿಸಿ, ವೀಡಿಯೋ ನೋಡಿ ತಾವೇ ಕಲಿಯಲು ಹೊರಡುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ.

ಸರ್ಟಿಫಿಕೇಟ್ ಸಿಕ್ಕ ಮೇಲೆ

ಈ ಆಟದಲ್ಲಿ ಎಲ್ಲರೂ ಎಚ್ಚರಿಸುವ ಒಂದು ಘಟ್ಟ ಇದೆ. ಮೊದಲ ಹತ್ತು ಹಾರಾಟಗಳಲ್ಲಿ ಹೆದರಿಕೆ ಇರುತ್ತದೆ, ಹೆದರಿಕೆ ಕಾಪಾಡುತ್ತದೆ. ಕೆಲವು ಹತ್ತು ಗಂಟೆ ಹಾರಿದ ಮೇಲೆ ಎಲ್ಲ ಬಂದುಬಿಟ್ಟಿತು ಅನಿಸತೊಡಗುತ್ತದೆ. ಕೈ ಪಳಗಿರುತ್ತದೆ, ಆದರೆ ಕೆಟ್ಟ ಗಾಳಿ ಇನ್ನೂ ನೋಡಿರುವುದಿಲ್ಲ. ಆಗಲೇ ದೊಡ್ಡ ದರ್ಜೆಯ ರೆಕ್ಕೆ ಬೇಕು ಅನಿಸುವುದು, ಆಗಲೇ ಮೊಬೈಲ್ ಕೋಲಿಗೆ ಕಟ್ಟಿ ವೀಡಿಯೋ ತೆಗೆಯುವ ಆಸೆ ಬರುವುದು. ಕ್ಯಾಮೆರಾದ ಜೊತೆಗೆ ಬ್ರೇಕ್ ಹಿಡಿಯಲು ಆಗುವುದಿಲ್ಲ. ಈ ಹೊತ್ತಿನಲ್ಲಿ ಹಾರಾಟದ ಪುಸ್ತಕ ಇಟ್ಟುಕೊಳ್ಳಿ: ದಿನ, ಜಾಗ, ಗಾಳಿ, ಎಷ್ಟು ಹೊತ್ತು, ಎಲ್ಲಿ ಗಾಬರಿಯಾಯಿತು. ಹಾರದೆ ವಾಪಸ್ ಬಂದ ದಿನಗಳನ್ನೂ ಕಾರಣ ಸಮೇತ ಬರೆಯಿರಿ. ನನಗೆ ಒಬ್ಬ ಹೊಸ ಪೈಲಟ್‌ನ ಪುಸ್ತಕ ಕೊಟ್ಟರೆ ಮೊದಲು ಹುಡುಕುವುದು ಆ ಪುಟಗಳನ್ನೇ.

ಆಕಾಶದ ದಾರಿಯ ನಿಯಮಗಳನ್ನೂ ಈ ಹಂತದಲ್ಲಿ ಮೈಗೂಡಿಸಿಕೊಳ್ಳಬೇಕು. ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಗುಡ್ಡದ ಪಕ್ಕದಲ್ಲಿ ಹಾರುವಾಗ ಯಾರ ಬಲಗಡೆ ಗುಡ್ಡ ಇದೆಯೋ ಅವರಿಗೆ ದಾರಿ ಬಿಡಬೇಕು, ಅವರಿಗೆ ಬಲಕ್ಕೆ ಸರಿಯಲು ಜಾಗ ಇರುವುದಿಲ್ಲ. ಥರ್ಮಲ್‌ನಲ್ಲಿ ಮೊದಲು ಬಂದವರು ಯಾವ ದಿಕ್ಕಿಗೆ ಸುತ್ತುತ್ತಿದ್ದಾರೋ ನೀವೂ ಅದೇ ದಿಕ್ಕಿಗೆ. ಕೆಳಗಿರುವವರಿಗೆ ತಲೆಯ ಮೇಲಿನ ರೆಕ್ಕೆಯಿಂದ ನೀವು ಕಾಣುವುದಿಲ್ಲ, ಹಾಗಾಗಿ ಮೇಲಿನವರೇ ನೋಡಿಕೊಳ್ಳಬೇಕು. ರೆಕ್ಕೆ ಬೇಕೆಂದೇ ಮಡಚಿ ಸರಿ ಮಾಡುವ ಅಭ್ಯಾಸವನ್ನು ಎಸ್‌ಐವಿ ಕೋರ್ಸಿನಲ್ಲಿ ಕಲಿಸುತ್ತಾರೆ, ನೀರಿನ ಮೇಲೆ, ದೋಣಿ ಕಾದು ನಿಂತಿರುವಾಗ. ಅದನ್ನು ನೀವಾಗಿ ಗುಡ್ಡದ ಮೇಲೆ ಪ್ರಯತ್ನಿಸಬೇಡಿ.

ಹಾರದ ತಿಂಗಳುಗಳು

ಹಿಮಾಚಲದಲ್ಲಿ ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಪ್ಯಾರಾಗ್ಲೈಡಿಂಗ್‌ಗೆ ನಿಷೇಧ ಇರುತ್ತದೆ. ಕಾಮ್ಶೇತ್‌ನಲ್ಲೂ ಮಳೆಗಾಲದಲ್ಲಿ ಹಾರಾಟ ನಿಲ್ಲುತ್ತದೆ. ಈ ತಿಂಗಳುಗಳಲ್ಲಿ ಓಡಿ, ಮೆಟ್ಟಿಲು ಹತ್ತಿ, ಕಣಕಾಲು ಮೊಣಕಾಲು ಗಟ್ಟಿ ಮಾಡಿಕೊಳ್ಳಿ. ಹವಾಮಾನದ ಪಾಠ ಓದಿ. ಹಾರ್ನೆಸ್ಸನ್ನು ಒಂದು ತೊಲೆಗೆ ತೂಗುಹಾಕಿ ಅದರಲ್ಲಿ ಕೂತು, ಕಣ್ಣು ಮುಚ್ಚಿ ರಿಸರ್ವ್‌ನ ಹಿಡಿಕೆ ಹುಡುಕುವ ಅಭ್ಯಾಸ ಮಾಡಿ. ಕೈ ನೇರ ಅದರ ಮೇಲೇ ಬೀಳಬೇಕು. ರೆಕ್ಕೆಯನ್ನು ಒದ್ದೆಯಾಗಿ ಚೀಲದಲ್ಲಿ ಇಡಬೇಡಿ, ನೆರಳಲ್ಲಿ ಒಣಗಿಸಿ, ಇಲಿ ಬಾರದ ಜಾಗದಲ್ಲಿಡಿ. ರಿಸರ್ವನ್ನು ಬಿಚ್ಚಿ, ಗಾಳಿಯಾಡಿಸಿ, ತಿಳಿದವರ ಕೈಯಲ್ಲಿ ಮತ್ತೆ ಮಡಚಿಸಿ. ಅಕ್ಟೋಬರ್‌ನಲ್ಲಿ ಮತ್ತೆ ಶುರು ಮಾಡುವಾಗ ನೇರ ಗುಡ್ಡದ ತುದಿಗೆ ಹೋಗಬೇಡಿ. ಒಂದೆರಡು ಬೆಳಿಗ್ಗೆ ಬಯಲಲ್ಲೇ ರೆಕ್ಕೆ ಎತ್ತಿ ಇಳಿಸಿ, ಕೈಗೆ ಹಳೆಯ ಹಿಡಿತ ಬಂದ ಮೇಲೆ, ನಿಮ್ಮ ಇನ್‌ಸ್ಟ್ರಕ್ಟರ್ ಜೊತೆಗಿರುವ ದಿನ ನೋಡಿ ಸಣ್ಣ ಗುಡ್ಡದಿಂದಲೇ ಮೊದಲ ಹಾರಾಟ ಮಾಡಿ.